ಹಳೇ ಮನ್ಯಾಗ ವೈಫೈ ಮ್ಯಾಲೆ ಬ್ಯಾಕಪ್: ರೌಟರ್‌ಗೆ ಡಿಸ್ಕ್ ಹಚ್ಚಿದ್ರ ಸಾಕೇನ್ರಿ, ಇಲ್ಲಾ ನ್ಯಾಸ್ (ನೆಟ್‌ವರ್ಕಿಗೆ ಹಚ್ಚೋ ಡಿಸ್ಕಿನ ಡಬ್ಬಿ) ತಗೋಬೇಕೋ?

ಮಾಳಮಡ್ಡಿಯವ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ ಮೂರು ಕಂಪ್ಯೂಟರ್ ಅವ. ಪಡಸಾಲ್ಯಾಗ ಡೆಸ್ಕ್‌ಟಾಪ್, ಮ್ಯಾಲಿನ ಖೋಲ್ಯಾಗ ನಂದು ವಿಂಡೋಸ್ 11 ಲ್ಯಾಪ್‌ಟಾಪ್, ಮಗಳ ಹತ್ರ ಒಂದು ಮ್ಯಾಕ್‌ಬುಕ್. ಫೋಟೋ, ಮನಿ ಕಾಗದಪತ್ರ ಎಲ್ಲಾ ಅವ ಖರೆ, ಆದ್ರ ನನಗ ಕಾಳಜಿ ಇರೋದು ಡೆಸ್ಕ್‌ಟಾಪಿನ ಒಳಗಿನ ಆಡಿಯೋಂದು. ನಮ್ಮ ಅಪ್ಪಾರು ಇಲ್ಲೇ ಧಾರವಾಡದಾಗ ಮನಿ ಬೈಠಕ್, ಉತ್ಸವ ಅಂತ ಎಲ್ಲೆಲ್ಲಿ ಹಾಡಕಿ ಆಗ್ತಿತ್ತೋ ಅಲ್ಲೆಲ್ಲಾ ಟೇಪ್ ರೆಕಾರ್ಡರ್ ಹೊತ್ಕೊಂಡು ಹೋಗಿ ಕ್ಯಾಸೆಟ್ ತುಂಬಿಸಿ ಇಟ್ಟಿದ್ರು, ಅವನ್ನ ಈಗ ಒಂದೊಂದೇ ಕಂಪ್ಯೂಟರ್‌ಗೆ ಇಳಸ್ಲಿಕ್ಕೆ ಹತ್ತೇನಿ, 24 ಬಿಟ್ 96 ಕಿಲೋಹರ್ಟ್ಸ್ ವೇವ್ ಫೈಲ್, ಫೋಟೋನೂ ಕೂಡಿ ಹತ್ತಹತ್ತರ 700 ಜಿಬಿ ಆಗೇದ. ಕ್ಯಾಸೆಟ್‌ಗಳಿಗೆ ಬೂಷ್ಟು ಹತ್ತೇದ, ಕೆಲವು ಅಂತೂ ಇನ್ನೊಮ್ಮೆ ಹಚ್ಚಿದ್ರ ರೀಲ್ ಹರದೇ ಹೋಗೋ ಹಂಗ ಅವ. ಅಂದ್ರ ಡಿಸ್ಕಿನ್ಯಾಗ ಇರೋದೇ ಈಗ ಮೂಲ ಪ್ರತಿ.

ಮನಿ ಹಂಚಿನ ಮನಿ, ಕಲ್ಲು-ಮಣ್ಣಿನ ಗ್ವಾಡಿ, ಎರಡು ಫೂಟ್ ದಪ್ಪ. ಫೈಬರ್ ರೌಟರ್ ಮುಂದಿನ ಖೋಲ್ಯಾಗ ಕೂಡ್ಸ್ಯಾರ. ಮ್ಯಾಲೆ ಹೋದ್ರ 5 ಗಿಗಾಹರ್ಟ್ಸ್ ಸಿಗೂದೇ ಇಲ್ಲ, 2.4 ಸಿಗ್ತದ.

ರೌಟರ್ ಹಿಂದ ಯುಎಸ್‌ಬಿ ಪೋರ್ಟ್ ಅದ. ಅದಕ್ಕ ಎಕ್ಸ್‌ಟರ್ನಲ್ ಡಿಸ್ಕ್ ಹಚ್ಚಿ ಮೂರೂ ಕಂಪ್ಯೂಟರ್ ವೈಫೈ ಮ್ಯಾಲೆ ಬ್ಯಾಕಪ್ ತಗೊಂಡ್ರ ನಡೀತದೇನು? ಅಂಗಡ್ಯಾಗ ಒಬ್ಬರು ಎರಡು ಡಿಸ್ಕಿನ ನ್ಯಾಸ್ ತಗೋರಿ, ರೇಡ್ (ಎರಡೂ ಡಿಸ್ಕಿನ್ಯಾಗ ಒಂದೇ ಪ್ರತಿ) ಹಾಕ್ರಿ, ಮತ್ಯಾವ ಬ್ಯಾಕಪ್ಪೂ ಬ್ಯಾಡ ಅಂದ್ರು. ಸುಮ್ನ ನೋಡೂಣಂತ ರೌಟರ್‌ಗೆ ಪೆನ್‌ಡ್ರೈವ್ ಹಚ್ಚಿದೆ, ಲ್ಯಾಪ್‌ಟಾಪಿನ್ಯಾಗ ಕಾಣವಲ್ದು. ತಿಳಿದವರು ಹೇಳ್ರಿ.

ವಿದ್ಯಾನಗರ ಕೇಬಲ್, ಹುಬ್ಬಳ್ಳಿ

ಮೊದಲ ಆ ಪೆನ್‌ಡ್ರೈವ್ ಯಾಕ ಕಾಣವಲ್ದು ಅಂತ ಹೇಳ್ತೇನಿ, ಯಾಕಂದ್ರ ಇದಕ್ಕ ಉತ್ತರ ಹುಡುಕಾಕ ಹೋಗಿ ಮಂದಿ ಹೊಸಾ ತ್ರಾಸ ತಂದ್ಕೋತಾರ. ಹಳೇ ರೌಟರ್ ಭಾಳಷ್ಟು ಎಸ್‌ಎಂಬಿ (ನೆಟ್‌ವರ್ಕ್ ಮ್ಯಾಲೆ ಫೈಲ್ ಹಂಚೋ ಪದ್ಧತಿ) ಒಂದನೇ ವರ್ಷನ್ ಮ್ಯಾಲೆನ ಫೈಲ್ ಹಂಚತಾವ. 2017ರ ಮೇ ತಿಂಗಳಾಗ ವಾನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ವೈರಸ್) ಬಂದಿತ್ತಲ್ರಿ, ಅದು ಹಬ್ಬಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದ ಕೊನಿಗೆ ಬಂದ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆ ಹೊಸದಾಗಿ ಹಾಕಿದ ವಿಂಡೋಸಿನ್ಯಾಗ ಎಸ್‌ಎಂಬಿ 1 ಚಾಲೂ ಇರಂಗಿಲ್ಲ, ಅದಕ್ಕ ನಿಮ್ಮ ಲ್ಯಾಪ್‌ಟಾಪ್‌ಗೆ ಕಾಣ್ತಿಲ್ಲ ಅನಸ್ತೈತಿ. ಯೂಟ್ಯೂಬಿನ್ಯಾಗ ವಿಂಡೋಸ್ ಫೀಚರ್ಸ್ ಒಳಗ ಹೋಗಿ ಎಸ್‌ಎಂಬಿ 1 ಟಿಕ್ ಮಾಡ್ರಿ ಅಂತಾರ. ಮಾಡಬ್ಯಾಡ್ರಿ. ಒಂದು ಡಿಸ್ಕ್ ಕಾಣಬೇಕಂತ ಇಡೀ ಮನಿ ನೆಟ್‌ವರ್ಕಿನ ಬಾಗಲಾ ತಗದಂಗ ಆಕ್ಕೈತಿ. ರೌಟರ್ ಸೆಟ್ಟಿಂಗಿನ್ಯಾಗ ಎಸ್‌ಎಂಬಿ 2 ಅಥವಾ 3 ಐತೇನು ನೋಡ್ರಿ, ಇಲ್ಲಂದ್ರ ಆ ಪೋರ್ಟ್ ಮರತುಬಿಡ್ರಿ.

ಇದ್ರೂ ನಿಮ್ಮ ಕೆಲಸಕ್ಕ ಅದು ಸಾಲಂಗಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, ಪಾಕೆಟ್ ಡಿಸ್ಕ್ ತಿರಗಾಕ ಸುರು ಮಾಡೂ ಹೊತ್ತಿಗೆ ಅದಕ್ಕಿಂತ ಜಾಸ್ತಿ ಎಳೀತೈತಿ, ನಡುವ ಡಿಸ್ಕ್ ಬಿದ್ದು ಮತ್ತ ಎದ್ದು ಹಿಂಗ ಮಾಡ್ತೈತಿ, ಬರ್ಯೂ ಹೊತ್ತಿನ್ಯಾಗ ಹಂಗಾದ್ರ ಫೈಲ್ ಕೆಡ್ತಾವ. ಮತ್ತ ಕೆಲವು ರೌಟರ್ ಫ್ಯಾಟ್32 ಬಿಟ್ರ ಬ್ಯಾರೆ ಫಾರ್ಮ್ಯಾಟ್ ಓದಂಗಿಲ್ಲ, ಅದರಾಗ 4 ಜಿಬಿಗಿಂತ ದೊಡ್ಡ ಫೈಲ್ ಕೂಡಂಗಿಲ್ಲ. ನಿಮ್ಮ ವೇವ್ ಫೈಲ್ ನಿಮಿಷಕ್ಕ ಸುಮಾರು 35 ಎಂಬಿ, ತಾಸಿಗೆ 2 ಜಿಬಿ ದಾಟ್ತೈತಿ. ಎರಡೂವರೆ ತಾಸಿನ ಹಾಡಕಿ ಒಂದೇ ಫೈಲ್ ಇದ್ರ ಅಲ್ಲಿಗೆ ನಿಂತ್ತು.

ಅಂಗಡಿಯವರು ಹೇಳಿದ ರೇಡ್ ಮಾತು ಅರ್ಧ ಖರೇ. ರೇಡ್ 1 ಅಂದ್ರ ಒಂದು ಡಿಸ್ಕ್ ಸತ್ರ ಇನ್ನೊಂದು ಕೆಲಸ ಮುಂದುವರಸ್ತೈತಿ, ಅಷ್ಟ. ತಪ್ಪಿ ಒಂದು ಫೋಲ್ಡರ್ ಅಳಿಸಿದ್ರ ಎರಡೂ ಡಿಸ್ಕಿನ್ಯಾಗ ಅದೇ ಕ್ಷಣಕ್ಕ ಹೋಗ್ತೈತಿ. ರಾನ್ಸಮ್‌ವೇರ್ ಬಂದು ಲಾಕ್ ಮಾಡಿದ್ರ ಎರಡೂ ಲಾಕ್. ಕಳ್ಳ ಡಬ್ಬಿನ ಹೊತ್ಕೊಂಡು ಹೋದ್ರಂತೂ ಮಾತೇ ಇಲ್ಲ. ನ್ಯಾಸ್ ತಗೋರಿ, ರೇಡ್‌ನೂ ಹಾಕ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಅದರ ಜೋಡಿ ಸ್ನ್ಯಾಪ್‌ಶಾಟ್ ಇಡೋ ನ್ಯಾಸ್ ಇರಬೇಕು, ಅಂದ್ರ ಹೋದ ವಾರದ ಹಳೇ ರೂಪ ಹಂಗ ಉಳದಿರ್ತೈತಿ, ಕಂಪ್ಯೂಟರಿನಿಂದ ಅದನ್ನ ತಿದ್ದಾಕ ಬರಂಗಿಲ್ಲ. ಅದರ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಯಾವ ಕಂಪ್ಯೂಟರಿನ್ಯಾಗೂ ಸೇವ್ ಮಾಡಿ ಇಡಬ್ಯಾಡ್ರಿ.

ಮಗಳ ಮ್ಯಾಕ್‌ಗಂತ ಯಾರರ ಹಳೇ ಟೈಮ್ ಕ್ಯಾಪ್ಸೂಲ್ ಕೊಡ್ತೀನಂದ್ರ ತಗೋಬ್ಯಾಡ್ರಿ. ರೌಟರ್, ಡಿಸ್ಕ್ ಎರಡೂ ಒಂದೇ ಡಬ್ಬ್ಯಾಗ ಇಟ್ಟು 2008ರಾಗ ಆಪಲ್ ತಂದಿತ್ತು, ವೈರ್‌ಲೆಸ್ ಬ್ಯಾಕಪ್ ಅಂದ್ರ ಹಿಂಗಿರಬೇಕು ಅನ್ನಿಸೋ ವಸ್ತು, ಆದ್ರ 2018ರಾಗ ಆ ಸಾಲೇ ನಿಲ್ಲಿಸ್ಯಾರ. ಒಳಗಿನ ಡಿಸ್ಕೂ ಅಷ್ಟೇ ಹಳೇದಿರ್ತೈತಿ. ಈಗಿನ ನ್ಯಾಸ್‌ಗಳು ಟೈಮ್ ಮಷಿನ್ ಅನ್ನೋ ಮ್ಯಾಕಿನ ಬ್ಯಾಕಪ್ ಸಾಫ್ಟ್‌ವೇರಿಗೆ ಎಸ್‌ಎಂಬಿ ಮ್ಯಾಲೆನ ಜಾಗಾ ಕೊಡ್ತಾವ.

ಗದಗ ಡಿಟಿಪಿ

ಮಾಳಮಡ್ಡಿ ಅಣ್ಣಾರ, ಫೈಲಿಗೆ ಹೆಸರು ಕನ್ನಡದಾಗ ಇಟ್ಟೀರೇನ್ರಿ? ಇಟ್ಟಿದ್ರ ಇದನ್ನ ಓದ್ರಿ, ಬ್ಯಾರೆ ಯಾರೂ ಹೇಳಂಗಿಲ್ಲ ಇದನ್ನ.

ನ್ಯಾಸ್ ಅಂದ್ರ ಒಳಗ ಇರೂದು ಲಿನಕ್ಸ್. ಅಲ್ಲಿ ಒಂದು ಫೈಲ್ ಹೆಸರು 255 ಬೈಟ್ ದಾಟಂಗಿಲ್ಲ. ವಿಂಡೋಸಿನ್ಯಾಗ 255 ಅಂದ್ರ ಅಕ್ಷರ ಲೆಕ್ಕ, ಇಲ್ಲಿ ಬೈಟ್ ಲೆಕ್ಕ. ಇಂಗ್ಲಿಷ್ ಅಕ್ಷರಕ್ಕ ಒಂದು ಬೈಟ್ ಆದ್ರ ಕನ್ನಡಕ್ಕ ಮೂರು, ಅದೂ ಒತ್ತು, ಕಾಗುಣಿತ, ಅರ್ಧಾಕ್ಷರದ ವಿರಾಮ ಎಲ್ಲಾನೂ ಬ್ಯಾರೆ ಬ್ಯಾರೆ ಎಣಸ್ತಾವ. ಧಾರವಾಡ ಅಂತ ಬರದ್ರ 18 ಬೈಟ್, ಮಲ್ಲಿಕಾರ್ಜುನ ಅಂತ ಬರದ್ರ 36 ಬೈಟ್ ಹೋದ್ವು. ಎಲ್ಲಾ ಕೂಡಿ ನಿಮಗ ಸಿಗೂದು 85 ಚಿಹ್ನೆ ಅಷ್ಟ. ಹಾಡಿದವರು, ರಾಗ, ತಬಲಾ ಯಾರು, ಹಾರ್ಮೋನಿಯಂ ಯಾರು, ಯಾರ ಮನಿ, ಯಾವ ತಾರೀಖು ಅಂತ ಒಂದೇ ಹೆಸರಿನ್ಯಾಗ ತುಂಬಿಸಿದ್ರ ನ್ಯಾಸ್‌ಗೆ ಕಾಪಿ ಮಾಡೂ ಮುಂದ ಎರರ್ ಬರ್ತೈತಿ, ಕೆಲವು ಸಾಫ್ಟ್‌ವೇರ್ ಎರರ್ ಸೈತ ದೊಡ್ಡದಾಗಿ ತೋರಸಂಗಿಲ್ಲ, ಲಾಗ್ ಫೈಲಿನ್ಯಾಗ ಒಂದು ಸಾಲು ಬರದು ಮುಂದಿನದಕ್ಕ ಹೋಗಿಬಿಡ್ತೈತಿ. ನಮ್ಮ ಪ್ರೆಸ್ಸಿನ್ಯಾಗ ಮದುವಿ ಪತ್ರಿಕಿ ಫೈಲ್‌ಗೆ ಎರಡೂ ಕಡೆಯವರ ಹೆಸರು ಊರು ಎಲ್ಲಾ ಬರೀತಾರ, ಹಂಗ ಇದು ನನಗ ದಿನಾ ಕಾಣೂ ವಿಷಯ. ಹೆಸರು ಸಣ್ಣದಿಡ್ರಿ, ಉಳಿದ ವಿವರ ಎಲ್ಲಾ ಫೈಲ್ ಒಳಗಿನ ಟ್ಯಾಗಿನ್ಯಾಗ ಬರೀರಿ, ಜೊತಿಗೆ ಒಂದು ಸಾದಾ ಟೆಕ್ಸ್ಟ್ ಫೈಲ್ ಯುನಿಕೋಡಿನ್ಯಾಗ.

ಯುನಿಕೋಡ್ ಅಂದದ್ದು ಯಾಕಂದ್ರ, ಅಪ್ಪಾರ ಕಾಲದ ಪಟ್ಟಿ ಏನರ ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಿನ್ಯಾಗ ಇದ್ರ, ಫಾಂಟ್ ಇಲ್ದ ಕಂಪ್ಯೂಟರಿನ್ಯಾಗ ಅದು ತಿಳೀಲಾರದ ಗೀಚು ಆಗಿ ಕಾಣ್ತೈತಿ. ಬ್ಯಾಕಪ್ ಬರೋಬ್ಬರಿ ಇದ್ರೂ ಓದಾಕ ಬರಂಗಿಲ್ಲ. ಒಂದೋ ಯುನಿಕೋಡ್‌ಗೆ ಬದಲಾಯಿಸ್ರಿ, ಇಲ್ಲಾ ಆ ಫಾಂಟ್ ಫೈಲನ್ನೂ ಅದೇ ಫೋಲ್ಡರಿನ್ಯಾಗ ಇಡ್ರಿ. ನಾನು ಎರಡೂ ಮಾಡ್ತೇನಿ.

ಇನ್ನ ಬ್ಯಾಕಪ್‌ಗೆ ವೇವ್ ಫೈಲನ್ನ ಫ್ಲ್ಯಾಕ್ ಅನ್ನೋ ಫಾರ್ಮ್ಯಾಟಿಗೆ ಬದಲಾಯಿಸ್ರಿ. ಧ್ವನಿ ಒಂದು ಕೂದಲೆಳಿನೂ ಕಡಿಮಿ ಆಗಂಗಿಲ್ಲ, ಸೈಜ್ ಹೆಚ್ಚುಕಡಿಮಿ ಅರ್ಧಕ್ಕ ಇಳೀತೈತಿ, ಕ್ಯಾಸೆಟಿನ ಸರ್ ಅನ್ನೂ ಸಪ್ಪಳ ಜಾಸ್ತಿ ಇದ್ರ ಸ್ವಲ್ಪ ಕಡಿಮಿ ಇಳೀತೈತಿ. ಅದಕ್ಕಿಂತ ಮುಖ್ಯ, ಫ್ಲ್ಯಾಕ್ ಫೈಲ್ ತನ್ನ ಒಳಗ ಮೂಲ ಧ್ವನಿಯ ಎಂಡಿ5 ಮೊತ್ತ (ಫೈಲ್ ತಾಳೆ ನೋಡೂ ಅಂಕಿ) ಇಟ್ಕೊಂಡಿರ್ತೈತಿ. ಯಾವಾಗ ಬೇಕಾದ್ರೂ ಟೆಸ್ಟ್ ಹಾಕಿ ನೋಡಿದ್ರ ಫೈಲ್ ಕೆಟ್ಟೈತೋ ಇಲ್ಲೋ ಅದ ಹೇಳ್ತೈತಿ. ವೇವ್‌ಗೆ ಈ ಸೌಲತ್ತು ಇಲ್ಲ.

ಹಾವೇರಿ ಮಾಸ್ತರ್

ಎಲ್ಲಾರೂ ಛೊಲೊ ಹೇಳ್ಯಾರ, ಕರೆಂಟಿನ ಮಾತು ಮಾತ್ರ ಉಳದೈತಿ. ನಮ್ಮ ಕಡೆ ಅಡ್ಡಮಳಿ ಸುರು ಆದ್ರ ಸಂಜೀಕ ಗುಡುಗು ಸಿಡಿಲು, ಕರೆಂಟ್ ಹೋಗಿ ಬಂದು ಮಾಡೋದು ನಿಮಗೂ ಗೊತ್ತು, ಧಾರವಾಡದಾಗೂ ಅಷ್ಟೇ. ನ್ಯಾಸ್ ಬರ್ಯೂ ಹೊತ್ತಿನ್ಯಾಗ ಕರೆಂಟ್ ಹೋತಂದ್ರ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಡಿಸ್ಕ್ ಇದ್ರ ಜರ್ನಲ್ (ಬರ್ಯೂ ಕೆಲಸದ ದಾಖಲಿ) ಇರಂಗಿಲ್ಲ, ಅರ್ಧ ಬರದದ್ದನ್ನ ಸರಿಮಾಡ್ಕೊಳ್ಳಾಕ ಅದಕ್ಕ ದಾರಿ ಇಲ್ಲ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಈ ವಿಷಯದಾಗ ವಾಸಿ. ಮನ್ಯಾಗ ಇನ್ವರ್ಟರ್ ಐತಿ ಸಾಕು ಅನಬ್ಯಾಡ್ರಿ, ಭಾಳ ಇನ್ವರ್ಟರಿನ ಹಿಂದ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತೈತಿ, ಅದು ಸಾದಾ ಮೋಡಿನ್ಯಾಗ ಇದ್ರ ಬದಲಾಗೋಕ ತಡಾ ಆಗಿ ಕಂಪ್ಯೂಟರ್ ಒಮ್ಮೆ ಆಫ್ ಆಗಿ ಆನ್ ಆಕೈತಿ, ಮಂದಿ ಫ್ಯಾನ್ ನಿಲ್ಲಲಿಲ್ಲ ಅಂತ ಅದನ್ನ ಗಮನಿಸೂದೇ ಇಲ್ಲ. ನನ್ನ ಮಾತು ಕೇಳಿದ್ರ ನ್ಯಾಸ್‌ಗೆ ಬ್ಯಾರೆನ ಒಂದು ಸಣ್ಣ ಯುಪಿಎಸ್ ಇಡ್ರಿ, ಯುಎಸ್‌ಬಿ ಕೇಬಲ್ ಇರೋದು. ಬ್ಯಾಟರಿ ಇಳಿದ ಕೂಡ್ಲೆ ನ್ಯಾಸ್ ತಾನ ಸುರಳೀತ ಬಂದ್ ಆಕೈತಿ.

ಸಿಡಿಲಿಗೆ ಮಾತ್ರ ಯುಪಿಎಸ್ ಸಾಲೂದಿಲ್ಲ. ಗ್ವಾಡಿಗೆ ಸಿಕ್ಕಿಸಿದ ಯಾವುದನ್ನೂ ಸಿಡಿಲು ಬಿಡಂಗಿಲ್ಲ. ಅದಕ್ಕ ಒಂದು ಪ್ರತಿ ಯಾವ ತಂತೀಗೂ ಹತ್ತದ, ಬ್ಯಾರೆ ಮನ್ಯಾಗ ಇರಲಿ. ಮೂರು ಪ್ರತಿ, ಎರಡು ಥರದ ಸಾಧನ, ಒಂದು ಮನಿ ಹೊರಗ ಅಂತ ಫೋಟೋಗ್ರಾಫರ್ ಪೀಟರ್ ಕ್ರೋ ಹೇಳಿದ 3-2-1 ಲೆಕ್ಕ ಐತಲ್ಲ, ನಿಮ್ಮಂಥಾ ಸಂಗ್ರಹಕ್ಕ ಅದು ಹೇಳಿ ಮಾಡಿಸಿದ್ದು. ಹುಬ್ಬಳ್ಳ್ಯಾಗ ನೆಂಟರಿದ್ರ 20 ಕಿಲೋಮೀಟರ್, ಎರಡು ಡಿಸ್ಕ್ ತಗೊಂಡು ಅದಲಿಬದಲಿ ಮಾಡ್ರಿ, ಒಂದು ಅವರ ಮನ್ಯಾಗ, ಒಂದು ನಿಮ್ಮಲ್ಲಿ, ಹೋದಾಗೆಲ್ಲಾ ಬದಲಿ. ಡಿಸ್ಕ್ ಒಳಗ ಬ್ಯಾಂಕ್, ಆಧಾರ್ ಕಾಗದ ಇದ್ರ ಆ ಭಾಗಕ್ಕ ಪಾಸ್‌ವರ್ಡ್ ಹಾಕ್ರಿ, ಹಾಡಿಗೆ ಹಾಕಬ್ಯಾಡ್ರಿ. ಹಾಡು ನಿಮ್ಮ ಕಾಲದ ನಂತರನೂ ಯಾರರ ತಗದು ಕೇಳುವಂಗ ಇರಬೇಕು.

ಮಾಳಮಡ್ಡಿಯವ, ಧಾರವಾಡ

ಇಷ್ಟು ಬಿಡಿಸಿ ಹೇಳಿದ್ದಕ್ಕ ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಗದಗಿನವರು ಹೇಳಿದ್ದು ಬರೋಬ್ಬರಿ, ಹೆಸರೆಲ್ಲಾ ಕನ್ನಡದಾಗೇ ಅವ ಮತ್ತ ಉದ್ದ ಅವ. ಇವತ್ತಿನಿಂದನೇ ಪಟ್ಟಿ ಬ್ಯಾರೆ ಮಾಡ್ತೇನಿ.

ನ್ಯಾಸ್ ಅಂತ ಗಟ್ಟಿ ಮಾಡಿದೆ. ಈಗ ವೈರಿನ ಪ್ರಶ್ನಿ. ಈ ಗ್ವಾಡ್ಯಾಗ ತೂತು ಹೊಡೀಲಿಕ್ಕೆ ಮನ್ಯಾಗ ಒಪ್ಪವಲ್ರು, ಮಣ್ಣು ಉದುರ್ತದ ಅಂತ. ವೈಫೈ ಮ್ಯಾಲೇ ನಡಿಸಿದ್ರ ಎಷ್ಟು ತ್ರಾಸ ಆಗ್ತದ? ರಿಪೀಟರ್ ಒಂದು ನಡುವ ಹಾಕಿದ್ರ ಹೆಂಗ?

ವಿದ್ಯಾನಗರ ಕೇಬಲ್, ಹುಬ್ಬಳ್ಳಿ

ಲೆಕ್ಕಾ ಹಾಕೂಣು. ದಪ್ಪ ಗ್ವಾಡಿ ದಾಟಿ ಬಂದ 2.4 ಗಿಗಾಹರ್ಟ್ಸ್ ಮ್ಯಾಲೆ ಸೆಕೆಂಡಿಗೆ 5 ಎಂಬಿ ಸಿಕ್ರ ಛೊಲೊ ಸಿಕ್ತು ಅನ್ನಬೇಕು. 700 ಜಿಬಿಗೆ 39 ತಾಸು ಆತು. ಅದೂ ಕಂಪ್ಯೂಟರ್ ಮಲಗಬಾರದು, ಕರೆಂಟ್ ಹೋಗಬಾರದು, ಮ್ಯಾಲೆ ಕೂತವರು ವಿಡಿಯೋ ನೋಡಬಾರದು. ಗಿಗಾಬಿಟ್ ವೈರ್ ಮ್ಯಾಲೆ ಸೆಕೆಂಡಿಗೆ 110 ಎಂಬಿ ಹತ್ರ ಬರ್ತೈತಿ, ಡಿಸ್ಕ್ ಅಷ್ಟು ತಡಕೊಂಡ್ರ ಎರಡು ತಾಸಿನೊಳಗ ಮುಗೀತೈತಿ. ಹುಷಾರು, ಸಾದಾ ಫೈಬರ್ ರೌಟರಿನ್ಯಾಗ ಕೆಲವು ಪೋರ್ಟ್ 100 ಮೆಗಾಬಿಟ್ಟಿನವು ಇರ್ತಾವ, ಬಿಟ್ಟನ್ನ ಎಂಟರಿಂದ ಭಾಗಿಸಿದ್ರ ಬೈಟ್, ಅಂದ್ರ 12 ಎಂಬಿ ದಾಟಂಗಿಲ್ಲ. ಅದಕ್ಕ ಒಂದು ಸಣ್ಣ ಗಿಗಾಬಿಟ್ ಸ್ವಿಚ್ (ನೆಟ್‌ವರ್ಕ್ ಕೇಬಲ್ ಕೂಡಿಸೂ ಡಬ್ಬಿ) ತಗೋರಿ.

ಗ್ವಾಡಿ ಒಡೀಬ್ಯಾಡ್ರಿ. ಡೆಸ್ಕ್‌ಟಾಪ್ ಇರೂದು ಪಡಸಾಲ್ಯಾಗ ಅಂದ್ರಲ್ರಿ, ನ್ಯಾಸ್‌ನೂ ಅದರ ಬಾಜೂನ ಇಡ್ರಿ, ಸ್ವಿಚ್‌ನೂ ಅಲ್ಲೇ. ಹಂಗಾದ್ರ 700 ಜಿಬಿ ಎಲ್ಲಾ ಎರಡು ಮಾರು ವೈರಿನ ಮ್ಯಾಲೆ ಮುಗೀತು, ಮನಿ ದಾಟಿ ಹೋಗೂ ಪ್ರಶ್ನಿನ ಇಲ್ಲ. ಸ್ವಿಚ್‌ನಿಂದ ರೌಟರ್‌ಗೆ ಒಂದೇ ಕೇಬಲ್ ಬೇಕು, ಅದನ್ನ ಬಾಗಲ ಚೌಕಟ್ಟಿನ ಮ್ಯಾಲೆ ಹಾಯಿಸಿ ಜಂತಿ ಗುಂಟ ಒಯ್ರಿ, ಕಟಗಿಗೆ ಸಣ್ಣ ಕ್ಲಿಪ್ ಹೊಡದ್ರ ಸಾಕು. ಕ್ಯಾಟ್ 5ಇ ಆದ್ರೂ ನಡೀತೈತಿ, 100 ಮೀಟರ್ ತನಕ ಗಿಗಾಬಿಟ್ ಒಯ್ತೈತಿ, ಆದ್ರ ತಾಮ್ರದ್ದೇ ಕೊಡ್ರಿ ಅಂತ ಕೇಳಿ ತಗೋರಿ, ಅಲ್ಯುಮಿನಿಯಂ ಮ್ಯಾಲೆ ತಾಮ್ರದ ಬಣ್ಣ ಇರೂ ಅಗ್ಗದ ಕೇಬಲ್ ಬ್ಯಾಡ. ಹಿತ್ತಲದಾಗ, ಹೊರಗ ಬಯಲಿನ್ಯಾಗ ಮಾತ್ರ ಕೇಬಲ್ ಎಳೀಬ್ಯಾಡ್ರಿ, ಮಾಸ್ತರ್ ಹೇಳಿದ ಸಿಡಿಲು ಅದರ ಗುಂಟನ ಒಳಗ ಬರ್ತೈತಿ.

ಲ್ಯಾಪ್‌ಟಾಪ್, ಮ್ಯಾಕ್‌ಬುಕ್ ಎರಡನ್ನೂ ಮೊದಲನೇ ಸಲ ಕೆಳಗ ತಂದು ಸ್ವಿಚ್‌ಗೆ ಹಚ್ಚಿ ಪೂರ್ತಿ ಬ್ಯಾಕಪ್ ತಗೋರಿ. ಆಮ್ಯಾಲೆ ದಿನಾ ಬದಲಾಗೂದು ಕೆಲವು ನೂರು ಎಂಬಿ, ಅದಕ್ಕ ನಿಮ್ಮ ಮ್ಯಾಲಿನ ಖೋಲಿ 2.4 ವೈಫೈನ ಸಾಕು, ವೈರ್‌ಲೆಸ್ ಬ್ಯಾಕಪ್ ಖರೇ ಉಪಯೋಗಕ್ಕ ಬರೂದು ಅಲ್ಲೇ, ನೆನಪಿಟ್ಟು ಡಿಸ್ಕ್ ಸಿಕ್ಕಿಸೂ ಕೆಲಸ ತಪ್ಪತೈತಿ. ವಿಂಡೋಸಿನ್ಯಾಗ ಫೈಲ್ ಹಿಸ್ಟರಿ, ಮ್ಯಾಕಿನ್ಯಾಗ ಟೈಮ್ ಮಷಿನ್, ಎರಡೂ ನೆಟ್‌ವರ್ಕ್ ಜಾಗಕ್ಕ ಬರೀತಾವ. ರಿಪೀಟರ್ ಬ್ಯಾಡ. ಸಾದಾ ರಿಪೀಟರ್ ಒಂದೇ ರೇಡಿಯೋದಿಂದ ಕೇಳಿ ಅದರಿಂದನ ಮತ್ತ ಹೇಳ್ತೈತಿ, ವೇಗ ಅರ್ಧಕ್ಕ ಬೀಳ್ತೈತಿ.

ಗದಗ ಡಿಟಿಪಿ

ಒಂದು ಸೇರಸ್ತೇನಿ. ನ್ಯಾಸ್‌ಗೆ ಹಾಕಿದ ಮ್ಯಾಲೆ ಅಲ್ಲಿಂದ ಒಂದು ಫೋಲ್ಡರ್ ವಾಪಸ್ ಲ್ಯಾಪ್‌ಟಾಪ್‌ಗೆ ತಂದು ಫ್ಲ್ಯಾಕ್ ಟೆಸ್ಟ್ ಓಡಿಸಿ, ಒಂದೆರಡು ಹಾಡು ಪೂರ್ತಿ ಕೇಳ್ರಿ. ಹುಬ್ಬಳ್ಳಿಗೆ ಹೋಗೂ ಡಿಸ್ಕಿಗೂ ಹಂಗ, ಪ್ರತಿ ಸಲ ಬದಲಿ ಮಾಡೂ ಮುಂದ. ಆ ತನಕ ಡೆಸ್ಕ್‌ಟಾಪಿನ್ಯಾಗಿನ ಮೂಲ ವೇವ್ ಅಳಸಬ್ಯಾಡ್ರಿ, ಕ್ಯಾಸೆಟ್‌ನೂ ಒಗೀಬ್ಯಾಡ್ರಿ. ಬೂಷ್ಟು ಹತ್ತಿದ್ದನ್ನ ಬ್ಯಾರೆ ಡಬ್ಬ್ಯಾಗ ಇಡ್ರಿ, ಛೊಲೊ ಇದ್ದವಕ್ಕ ಹಬ್ಬತೈತಿ.