ಎಡೆಬಿಡದ ಮಳೆಯಲ್ಲಿ ಪೋನಿ ಸಾಕಣೆ: ಹಿಮದೂರಿನ ಸಲಹೆ ಇಲ್ಲಿಗೆ ಆಗುತ್ತದಾ?

ಹಟ್ಟಿಬಾಗಿಲು:
ಕಾಸರಗೋಡಿನ ಬದಿಯಡ್ಕದ ಹತ್ತಿರ, ಹಳೆಯ ದನದ ಹಟ್ಟಿಯಲ್ಲಿ ಎರಡು ಪೋನಿ (ಗಿಡ್ಡ ಕುದುರೆ) ಉಂಟು. ತಲಾ ಸುಮಾರು 200 ಕಿಲೊ, ಲಾಳ ಹೊಡೆಸಿಲ್ಲ. ಈ ಸಲದ ಮಳೆಗೆ ಅಂಗಳದಲ್ಲಿ ಗೊರಸು ಮುಳುಗುವಷ್ಟು ಕೆಸರು. ಒಂದರ ಹಿಂಗಾಲಿನ ಗೊರಸು ನಾರುತ್ತಿದೆ. ಇನ್ನೊಂದರ ಬೆನ್ನಲ್ಲಿ ಕೂದಲು ಗುಂಪುಗುಂಪಾಗಿ ಅಂಟಿ ಹಕ್ಕಳೆ ಎದ್ದಿದೆ. ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ಊರಿನವರ ಸಲಹೆ: ರಗ್ಗು ಹೊದಿಸಿ, ಹುಲ್ಲು ಜಾಸ್ತಿ ಹಾಕಿ, ಗೊರಸಿಗೆ ಗ್ರೀಸ್ ಹಚ್ಚಿ. ಇದರಲ್ಲಿ ನಮಗೆ ಯಾವುದು ಆದೀತು? ದನಗಳಿಗೆ ಹಾಸುವ ಹಾಗೆ ಸೊಪ್ಪು ಹಾಸಬಹುದಾ?

ಪದವಿನವ:
ರಗ್ಗು ಬೇಡವೇ ಬೇಡ. ಹಿಮದಲ್ಲಿ ಪೋನಿಯ ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಕೂತಿದ್ದರೆ ಒಳಗಿನ ಶಾಖ ಹೊರಗೆ ಹೋಗುತ್ತಿಲ್ಲ ಎಂದೇ ಲೆಕ್ಕ. ನಮ್ಮ ಮಳೆ ಆ ಕೂದಲನ್ನೇ ಚರ್ಮಕ್ಕೆ ಅಂಟಿಸಿಬಿಡುತ್ತದೆ. ಅದರ ಮೇಲೆ ಟಾರ್ಪಾಲೋ ರಗ್ಗೋ ಹೊದಿಸಿದರೆ ಒಳಗೆ ಬೆವರಿ ಹಕ್ಕಳೆ ಹೆಚ್ಚುವುದೇ ಸೈ. ನೆನೆದು ಬಂದರೆ ಒಣ ಗೋಣಿಯಲ್ಲಿ ಗಟ್ಟಿಯಾಗಿ ಉಜ್ಜಿ, ಗಾಳಿ ನೇರ ಬಡಿಯದ ಕಡೆ ಕಟ್ಟಿ, ತಿನ್ನಲು ಒಣಹುಲ್ಲು ಹಾಕಿ. ಹುಲ್ಲಿನ ನಾರು ದೊಡ್ಡ ಕರುಳಿನಲ್ಲಿ ಹುದುಗು ಬರುವಾಗ ಶಾಖ ಹುಟ್ಟುತ್ತದೆ. ಹಿಮದೂರಿನ ಈ ಒಂದು ಮಾತು ಇಲ್ಲಿಗೂ ಸರಿ.

ನಿಜವಾದ ಕೆಲಸ ಇರುವುದು ನೆಲದಲ್ಲಿ. ಬಾಗಿಲ ಎದುರು, ನೀರಿನ ತೊಟ್ಟಿಯ ಸುತ್ತ, ಹೆಚ್ಚು ತುಳಿಯುವ ಕಡೆ ಮೊದಲು ಕೆಸರು, ಸೆಗಣಿ ಪೂರ್ತಿ ಕೆರೆದು ತೆಗೆಯಿರಿ. ಕೆಸರಿನ ಮೇಲೆಯೇ ಜಲ್ಲಿ ಸುರಿದರೆ ಒಂದು ವಾರದಲ್ಲಿ ಹೂತುಹೋಗುತ್ತದೆ, ದುಡ್ಡು ದಂಡ. ಗಟ್ಟಿ ಮುರಕಲ್ಲು (ಕೆಂಪುಕಲ್ಲು) ಕಂಡ ಮೇಲೆ 40 ಎಂಎಂ ಜಲ್ಲಿ 15 ಸೆಂ.ಮೀ., ಅದರ ಮೇಲೆ ಕ್ರಷರ್ ಹುಡಿ 5-7 ಸೆಂ.ಮೀ. ಹಾಕಿ ಕುಟ್ಟಿ. 50 ಅಡಿಗೆ ಒಂದು ಅಡಿ ಇಳಿಜಾರು ಇರಲಿ. ಇಷ್ಟೆಲ್ಲ ಮಾಡಿಯೂ ಹಟ್ಟಿಯ ಛಾವಣಿಯ ನೀರು ಅಲ್ಲೇ ಬಿದ್ದರೆ ಪ್ರಯೋಜನ ಇಲ್ಲ. ಸೂರಿಗೆ ದಂಬೆಯನ್ನಾದರೂ (ಸೀಳಿದ ಅಡಿಕೆ ಮರ) ಕಟ್ಟಿ ನೀರನ್ನು ತೋಡಿಗೆ ಬಿಡಿ.

ಸೊಪ್ಪು ಹಾಸುವುದು ದನಕ್ಕೆ ಸರಿ, ಗೊಬ್ಬರವೂ ಆಗುತ್ತದೆ. ಪೋನಿಗೆ ಬೇಡ. ಸೊಪ್ಪು ಕೊಳೆತು ಗೊರಸು ಸದಾ ಒದ್ದೆ ಇರುತ್ತದೆ, ಮೂತ್ರದ ಘಾಟು ಶ್ವಾಸಕ್ಕೂ ಕೆಟ್ಟದ್ದು. ಅಲ್ಲದೆ ಪೋನಿ ಹಾಸನ್ನೇ ತಿನ್ನುತ್ತದೆ. ಗುಡ್ಡೆಯಿಂದ ತಂದ ಹೊರೆಯಲ್ಲಿ ಒಂದು ಕಾಸರಕದ ಗೆಲ್ಲೋ ಕಣಗಿಲೆಯೋ ಸೇರಿದ್ದರೆ ಜೀವಕ್ಕೇ ಅಪಾಯ. ಒಣ ಮರದ ಹುಡಿ ಅಥವಾ ತೆಂಗಿನ ನಾರಿನ ಹುಡಿ 10 ಸೆಂ.ಮೀ. ಹಾಸಿ, ಒದ್ದೆಯಾದಷ್ಟನ್ನು ದಿನಾ ತೆಗೆಯಿರಿ.

ಗೊರಸು_ಗಮನ:
ಗೊರಸಿಗೆ ಗ್ರೀಸ್ ಹಚ್ಚುವುದು ಹಿಮ ಉಂಡೆಕಟ್ಟಿ ಅಂಟದಿರಲಿ ಎಂದು. ಇಲ್ಲಿ ಹಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ನೀವು ಹೇಳುವ ನಾತ ಗೊರಸು ಕೊಳೆಯುವ ರೋಗದ್ದು. ಕಾಲು ಎತ್ತಿ ನೋಡಿ: ಅಡಿಯಲ್ಲಿ ತ್ರಿಕೋನದ ಮೆತ್ತಗಿನ ಭಾಗ, ಅದರ ಎರಡು ಬದಿಯಲ್ಲಿ ಒಂದೊಂದು ಗೆರೆ, ನಡುವೆ ಒಂದು ಸೀಳು. ಆ ಗೆರೆಯಲ್ಲಿ ಕಪ್ಪಗಿನ ಅಂಟು ಬಂದರೆ ಅದೇ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಆದ್ದರಿಂದ ತೆರೆದು ಒಣಗಿಸುವುದೇ ಮುಖ್ಯ ಮದ್ದು. ದಿನಕ್ಕೆ ಎರಡು ಸಲ, ಹಿಮ್ಮಡಿಯಿಂದ ಮುಂದಕ್ಕೆ ಎಳೆಯುತ್ತಾ ಕೆರೆದು ತೊಳೆಯಿರಿ. ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿದ ನಂತರವೇ ಮದ್ದು. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. 100 ಮಿ.ಲೀ. ನೀರಿಗೆ 5 ಗ್ರಾಂ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಕಬ್ಬಿಣದ್ದು ಬೇಡ. ಅಡಿಕೆಗೆ ಸಿಂಪಡಿಸುವ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಉಳಿದದ್ದೂ ಬೇಡ, ಬರೀ ತುತ್ತಿನ ನೀರು. ಹತ್ತಿಯನ್ನು ಅದರಲ್ಲಿ ಅದ್ದಿ ಸೀಳಿನೊಳಗೆ ತುರುಕಿ, ಮರುದಿನ ಬದಲಿಸಿ. ಕೆಂಪು ಮಾಂಸ ಕಂಡರೆ, ರಕ್ತ ಬಂದರೆ, ಕುಂಟಿದರೆ ತುತ್ತು ಹಾಕಬೇಡಿ, ಸುಡುತ್ತದೆ. ಡಾಕ್ಟರನ್ನು ಕರೆಸಿ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯಾ ಎಂದೂ ಕೇಳಿ, ಅದು ಕುದುರೆ ಜಾತಿಯನ್ನು ಬೇಗ ಹಿಡಿಯುವ ಕಾಯಿಲೆ. ಮಳೆಗಾಲ ಎಂದು ಗೊರಸು ಕತ್ತರಿಸುವುದನ್ನು ಮುಂದೂಡಬಾರದು, 6-8 ವಾರಕ್ಕೊಮ್ಮೆ ಆಗಲೇಬೇಕು.

ಬೆನ್ನಿನ ಹಕ್ಕಳೆ ತಾನಾಗಿ ಕಳಚಿದಾಗ ಬುಡದಲ್ಲಿ ಕೂದಲು ಕುಂಚದ ಹಾಗೆ ಬರುತ್ತದಾ? ಹಾಗಿದ್ದರೆ ಮಳೆಯಿಂದ ಬರುವ ಚರ್ಮರೋಗವೇ. ಒಣ ಹಕ್ಕಳೆ ಕೀಳಬೇಡಿ, ನೋವಾಗುತ್ತದೆ. 2% ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ 10 ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ತಾನಾಗಿ ಬಂದಷ್ಟನ್ನು ತೆಗೆದು ಸುಡಿ, ತೊಳೆದು ಒಣಗಿಸಿ. ಒಂದು ವಾರ ದಿನಾ ಹೀಗೆ ಮಾಡಿ. ಬ್ರಷ್ಷು ಬೇರೆ ಬೇರೆ ಇಡಿ. ಮನುಷ್ಯರಿಗೂ ಅಂಟಬಹುದು, ಕೈಗವಸು ಹಾಕಿಕೊಳ್ಳಿ.

ಹಟ್ಟಿಬಾಗಿಲು:
ಉಪಕಾರ ಆಯ್ತು. ಕುಂಚದ ಹಾಗೆಯೇ ಉಂಟು. ಮೇವು ಈಗ ನೇಪಿಯರ್ ಹುಲ್ಲು ಮತ್ತು ತೌಡು ಮಾತ್ರ. ಬೈಹುಲ್ಲಿಗೆ ಸ್ವಲ್ಪ ಬೂಸ್ಟು ಬಂದಿದೆ, ಒಣಗಿಸಿ ಕೊಡಬಹುದಾ?

ಮೇವಿನಮನೆ:
ಬೂಸ್ಟು ಹಿಡಿದದ್ದನ್ನು ಎಷ್ಟು ಒಣಗಿಸಿದರೂ ಕೊಡಬೇಡಿ ಮಾರಾಯ್ರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೋದದ್ದೇ. ಅದರ ಹುಡಿಯಿಂದ ಕೆಮ್ಮು ಹಿಡಿದರೆ ಸುಲಭಕ್ಕೆ ಬಿಡುವುದೂ ಇಲ್ಲ.

200 ಕಿಲೊಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 4 ಕಿಲೊ ಮೇವು ಬೇಕು. ಮಳೆಗಾಲದ ನೇಪಿಯರಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ, ಆದ್ದರಿಂದ 20 ಕಿಲೊ ಆಗುತ್ತದೆ. ಆದರೆ ನನಗೆ ಹೆದರಿಕೆ ಆಗುವುದು ನಿಮ್ಮ ನೇಪಿಯರ್-ತೌಡಿನ ಜೋಡಿ ನೋಡಿ. ನೇಪಿಯರಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಕಟ್ಟಿಹಾಕುತ್ತದೆ, ತೌಡಿನಲ್ಲಿ ರಂಜಕ ಹೆಚ್ಚು. ಇದೇ ತಿಂಗಳುಗಟ್ಟಲೆ ಮುಂದುವರಿದರೆ ದೇಹ ಎಲುಬಿನಿಂದ ಸುಣ್ಣ ಎಳೆದುಕೊಳ್ಳುತ್ತದೆ. ಕುಂಟು ಬರುತ್ತದೆ, ಮುಖದ ಎಲುಬು ಊದುತ್ತದೆ. ತೌಡು ಕಡಿಮೆ ಮಾಡಿ, ಅರ್ಧದಷ್ಟಾದರೂ ಬೇರೆ ಹುಲ್ಲು ಸೇರಿಸಿ, ಸುಣ್ಣದಂಶದ ಪುಡಿ ಎಷ್ಟು ಕೊಡಬೇಕೆಂದು ಡಾಕ್ಟರಲ್ಲಿ ಕೇಳಿ. ಬದಲಾವಣೆ 7-10 ದಿನಗಳಲ್ಲಿ ನಿಧಾನ ಆಗಲಿ, ಇಲ್ಲದಿದ್ದರೆ ಹೊಟ್ಟೆನೋವು ಖಂಡಿತ. ಕೋಳಿ ಆಹಾರದ ಚೀಲ ಅದೇ ಹಟ್ಟಿಯಲ್ಲಿದ್ದರೆ ಇವತ್ತೇ ಬೇರೆ ಕಡೆ ಇಡಿ. ಅದರಲ್ಲಿ ಸೇರಿಸುವ ಮೊನೆನ್ಸಿನ್ ಕೋಳಿಗೆ ಮದ್ದು, ಕುದುರೆಗೆ ವಿಷ. ಬೋರ್ಡೋ ಸಿಂಪಡಿಸಿದ ತೋಟದ ಹುಲ್ಲನ್ನೂ ಕೊಯ್ಯಬೇಡಿ.

ಪದವಿನವ:
ಒಂದು ಬಿಟ್ಟುಹೋಯಿತು. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಬಿದ್ದರೆ ಅತಿ ವಿಪರೀತ ಮಳೆ ಎನ್ನುತ್ತದೆ. ಅಂಥ ಮುನ್ಸೂಚನೆ ಬಂದ ರಾತ್ರಿ ತಗ್ಗಿನಲ್ಲಿ ಕಟ್ಟಿಹಾಕಬೇಡಿ, ಸಂಜೆಯೇ ಎತ್ತರದ ಗುಡ್ಡೆಗೆ ಹತ್ತಿಸಿ. ಪಯಸ್ವಿನಿ ಹೊಳೆಯ ದಡದವರು ಇಲ್ಲಿಯ ಆಕಾಶ ನೋಡಿ ನಿಶ್ಚಿಂತೆ ಮಾಡಬಾರದು, ಅದು ಕೊಡಗಿನ ಬೆಟ್ಟದ ನೀರು. ಎಳೆದರೆ ಬಿಚ್ಚುವ ಗಂಟು ಹಾಕಿ. ಕಣ್ಣು ಮುಚ್ಚಿಕೊಂಡು ನೀರು ಸುರಿಸಿದರೆ ಅದೇ ದಿನ ತೋರಿಸಿ, ಇಲಿಜ್ವರದ ರೋಗಾಣು ಕುದುರೆಯ ಕಣ್ಣನ್ನೂ ಕೆಡಿಸುತ್ತದೆ.