ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟಿದ್ದಾಯ್ತು, ಮೊದಲ ಸ್ಟಾರ್ಟ್‌ಗೆ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಗಾಡಿ ಹಳೇ ಪೆಟ್ರೋಲ್ ಅಂಬಾಸಿಡರ್, 1489 ಸಿಸಿ. ಬೋರ್ ಮಾಡಿಸಿ ಕ್ರ್ಯಾಂಕ್ ಗ್ರೈಂಡ್ ಆಗಿದೆ. ಪಿಸ್ಟನ್, ರಿಂಗ್, ಬೇರಿಂಗ್, ಕ್ಯಾಮ್, ಟ್ಯಾಪೆಟ್ ಎಲ್ಲಾ ಹೊಸದು. ಎಂಜಿನ್ ಗಾಡಿಯಲ್ಲಿ ಕೂತಿದೆ, ಸ್ಟಾರ್ಟ್ ಮಾಡಿಲ್ಲ. ಆಯಿಲ್ ಪಂಪ್ ಒಣಗಿರಬಹುದು ಅನ್ನೋ ಭಯ. ಗೊತ್ತಿರೋರು ದಯವಿಟ್ಟು ತಿಳಿಸಿ.

ತುಮಕೂರಿನಿಂದ: ಭಯ ಸರಿಯಾದದ್ದೇ. ಇದರ ಪಂಪ್ ಓಡುವುದು ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್‌ನಿಂದ, ಡ್ರಿಲ್ ಹಾಕಿ ಪಂಪ್ ಒಂದನ್ನೇ ತಿರುಗಿಸಲು ಆಗಲ್ಲ. ಆದ್ದರಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ತುಂಬಿ, ಪ್ರೆಶರ್ ಗೇಜ್ ಪೈಪ್ ಬಿಚ್ಚಿ, ಆ ತೂತಿನಿಂದಲೇ ಒಳಗೆ ಆಯಿಲ್ ತಳ್ಳಿ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪ್ ಸಾಕು, ಆದರೆ ಹೊಸದೇ ಆಗಿರಬೇಕು. ಆಯಿಲ್ ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟರೆ ತೆಳುವಾಗಿ ಸಲೀಸಾಗಿ ಹೋಗುತ್ತದೆ. ಪ್ಲಗ್ ನಾಲ್ಕೂ ತೆಗೆದು, ಇನ್ನೊಬ್ಬರು ಪುಲ್ಲಿ ನಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತಿರಲಿ. ಮೇಲೆ ವಾಲ್ವ್ ಒತ್ತುವ ರಾಕರ್‌ಗಳಲ್ಲಿ ಆಯಿಲ್ ಜಿನುಗುವವರೆಗೂ ಬಿಡಬೇಡಿ.

ಆಮೇಲೆ ಗೇಜ್ ಜೋಡಿಸಿ, ಡಿಪ್‌ಸ್ಟಿಕ್ ನೋಡಿ, ಕಾಯಿಲ್ ವೈರ್ ಕಳಚಿ, ಪ್ಲಗ್ ಇಲ್ಲದೆಯೇ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಗೇಜ್ ಮುಳ್ಳು ಏಳಬೇಕು.

ಹುಬ್ಬಳ್ಳಿಯಿಂದ: ಮುಳ್ಳು ಏಳಲಿಲ್ಲಂದ್ರ ಮತ್ತ ಮತ್ತ ಸೆಲ್ಫ್ ಹೊಡೀಬ್ಯಾಡ್ರಿ. ಜೋಡಿಸುವಾಗ ಬೇರಿಂಗಿಗೆ, ಕ್ಯಾಮಿಗೆ ಹಚ್ಚಿದ್ದ ಪೇಸ್ಟ್ ಎಲ್ಲಾ ಒರಸಿ ಹೋಗ್ತದ. ಮೊದಲು ಬ್ಲಾಕಿನ ಎಡಗಡೆ ಹಿಂದಿನ ರಿಲೀಫ್ ವಾಲ್ವ್ (ಹೆಚ್ಚಿನ ಆಯಿಲ್ ಪ್ರೆಶರ್ ಬಿಡೋದು) ಬಿಚ್ಚಿ ನೋಡ್ರಿ, ಕಸ ಸಿಕ್ಕು ತೆರೆದೇ ನಿಂತಿರ್ತದ. ಅದು ಸರಿ ಇದ್ರ, ಪಂಪಿನ ಸ್ಟ್ರೈನರ್ (ಆಯಿಲ್ ಸೋಸೋ ಜಾಲರಿ) ಜಾಯಿಂಟ್ ಗಾಳಿ ಎಳೀತಿರಬಹುದು. ಸಂಪ್ ಇಳಿಸೋದಾತಂದ್ರ ಪಂಪಿನೊಳಗ ವ್ಯಾಸಲೀನ್ ತುಂಬಿ ಕೂಡಿಸ್ರಿ. ಗ್ರೀಸ್ ಬ್ಯಾಡ, ಅದು ಆಯಿಲಿನಾಗ ಸರಿಯಾಗಿ ಕರಗೂದಿಲ್ಲ, ಸಣ್ಣ ತೂತು ಕಟ್ಟತಾವ.

ಮಂಗಳೂರಿನಿಂದ: ಒಂದೇ ಏಟಿಗೆ ಸ್ಟಾರ್ಟ್ ಆಗಬೇಕಾದರೆ ಟೈಮಿಂಗ್ (ಕಿಡಿ ಹಾರುವ ಸಮಯ) ಮೊದಲೇ ಕೂರಬೇಕು. ಪುಲ್ಲಿ ಮಾರ್ಕ್ ಒಂದನ್ನೇ ನಂಬಬೇಡಿ, ಅದು ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ. ನಾಲ್ಕನೇ ಸಿಲಿಂಡರಿನ ಎರಡೂ ವಾಲ್ವ್ ಅಲುಗಾಡುವಾಗ ಒಂದನೆಯದು ಕಂಪ್ರೆಷನ್‌ನಲ್ಲಿ ಇರುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ರೋಟರ್ ಆಗ ಒಂದನೇ ಪ್ಲಗ್ ವೈರ್ ಕಡೆಗೇ ಇರಬೇಕು. ಫೈರಿಂಗ್ ಆರ್ಡರ್ 1-3-4-2. ಅದರೊಳಗಿನ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಗ್ಯಾಪ್ 0.38 ಮಿ.ಮೀ. ಇಟ್ಟು, ಪಾಯಿಂಟ್ ವೈರಿಗೂ ಬಾಡಿಗೂ ನಡುವೆ 12 ವೋಲ್ಟ್ ಬಲ್ಬ್ ಹಿಡಿದು ಇಗ್ನಿಷನ್ ಆನ್ ಮಾಡಿ. ಬಲ್ಬ್ ಹತ್ತಿದ ಕ್ಷಣವೇ ಪಾಯಿಂಟ್ ತೆರೆದದ್ದು. ಟೈಮಿಂಗ್ ತಿರುವುಮುರುವಾದರೆ ಕಾರ್ಬೊರೇಟರ್ ಬಾಯಿಂದ ಬೆಂಕಿ ಬರುತ್ತದೆ, ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲೇ ಇರಲಿ. ಪೆಟ್ರೋಲ್ ಪಂಪಿನ ಕೈಲಿವರ್ ಒತ್ತಿ ಫ್ಲೋಟ್ ಬೌಲ್ ತುಂಬಿಸಿ. ಎಂಜಿನ್–ಬಾಡಿ ಅರ್ತ್ ಪಟ್ಟಿ ಹಾಕಲು ಮರೆಯುವವರು ಬಹಳ. ಆಗ ಸೆಲ್ಫ್ ಎಳೆಯಲ್ಲ, ಚೋಕ್ ಕೇಬಲ್ ಕಾದು ಹೊಗೆಯಾಡುತ್ತದೆ.

ಮೈಸೂರಿನಿಂದ: ಎಲ್ಲಕ್ಕಿಂತ ಮುಖ್ಯ ಕ್ಯಾಮ್. ಈ ಎಂಜಿನ್‌ನಲ್ಲಿ ಕ್ಯಾಮಿನ ಏರಿಳಿತವನ್ನು ವಾಲ್ವ್ ಕಡೆಗೆ ತಳ್ಳುವ ಟ್ಯಾಪೆಟ್‌ನ ತಳ ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತದೆ, ಅದಕ್ಕೆ ಆಯಿಲ್ ಸಿಗುವುದು ಬಹುಪಾಲು ಕ್ರ್ಯಾಂಕ್ ಚಿಮ್ಮಿಸುವುದರಿಂದ. ಐಡಲ್‌ನಲ್ಲಿ ಅಷ್ಟು ಚಿಮ್ಮಲ್ಲ. ಎಂಜಿನ್ ಹಿಡಿದ ತಕ್ಷಣ 2000 ಆರ್‌ಪಿಎಂಗೆ ಏರಿಸಿ, 1500ರಿಂದ 2500ರ ನಡುವೆ ಏರಿಳಿಸುತ್ತಾ 20 ನಿಮಿಷ ಓಡಿಸಿ. ಐದು ಸೆಕೆಂಡಿನಲ್ಲಿ ಪ್ರೆಶರ್ ಬರದಿದ್ದರೆ, ನೀರು ಸೋರಿದರೆ, ಕಾವು ಕೆಂಪಿಗೆ ಹೋದರೆ ಕೂಡಲೇ ಆಫ್ ಮಾಡಿ. ಸರಿ ಮಾಡಿ ಉಳಿದ ನಿಮಿಷ ಪೂರೈಸಿ. ಐಡಲ್ ಬಿಟ್ಟು ಟ್ಯೂನ್ ಮಾಡುವ ಆಸೆ ಆಗಲೇ ಬೇಡ, ಕ್ಯಾಮ್ ಮೂತಿ ಸವೆಯುವುದು ಆ ಮೊದಲ ನಿಮಿಷಗಳಲ್ಲೇ.

ಪ್ರಶ್ನೆ ಕೇಳಿದವರು: ಸಿಂಥೆಟಿಕ್ ಆಯಿಲ್ ಹಾಕಬಹುದಾ ಸಾರ್?

ಮೈಸೂರಿನಿಂದ: ಈಗ ಬೇಡ. 20ಡಬ್ಲ್ಯು-50 ಮಿನರಲ್ ಹಾಕಿ. ತೀರಾ ಜಾರುವ ಆಯಿಲ್‌ನಲ್ಲಿ ರಿಂಗ್ ಬೋರಿಗೆ ಕೂರುವುದು ತಡ, ಹೊಗೆ ನಿಲ್ಲಲ್ಲ. ಓಡಿಸುವಾಗಲೂ ಒಂದೇ ವೇಗ ಹಿಡಿಯದೆ ಗಂಟೆಗೆ 40ರಿಂದ 60 ಕಿ.ಮೀ.ಗೆ ಎಳೆದು, ಆಕ್ಸಿಲರೇಟರ್ ಬಿಟ್ಟು ಇಳಿಸಿ, ಹೀಗೆ ಹತ್ತಾರು ಸಲ.

ತುಮಕೂರಿನಿಂದ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ಟೈಟ್ ಮಾಡಿ. ರಾಕರ್ ಪೆಡೆಸ್ಟಲ್ ಹಿಡಿಯುವ ನಾಲ್ಕು ನಟ್ ಹೆಡ್ಡಿನದೂ ಹೌದು, ಆದ್ದರಿಂದ ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಆಮೇಲೆಯೇ ಇಡಬೇಕು. ಅದೇ ದಿನ ಆಯಿಲ್, ಫಿಲ್ಟರ್ ಬದಲಿಸಿ, 500 ಕಿ.ಮೀ.ಗೆ ಇನ್ನೊಮ್ಮೆ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ಮಸಿ ಪೇಸ್ಟಿನದು, ಚಿಂತೆಯಿಲ್ಲ. ತಾಮ್ರದ ಹೊಳಪಿನ ಹೊಟ್ಟು ಕಂಡರೆ ಅದು ಬೇರಿಂಗ್, ಗಾಡಿ ಅಲ್ಲೇ ನಿಲ್ಲಿಸಿ ಸಂಪ್ ಬಿಚ್ಚಿ.