ಈ ಸಲದ ಮಿಡಿ ಉಪ್ಪಿನಕಾಯಿ ‘ಬೇರೆ ಥರ ಇದೆ’ ಅಂತಾರೆ. ಲ್ಯಾಬಾ, ನಾಲಿಗೆಯಾ?

ಮಿಡಿಮನೆ: ಶಿರಸಿ ಹತ್ತಿರ ನಮ್ಮದು ಸಣ್ಣ ಘಟಕ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ರುಚಿ ಬೇರೆ ಅಂತ ಹುಬ್ಬಳ್ಳಿಯ ಅಂಗಡಿಯವರು 60 ಬಾಟಲಿ ವಾಪಸ್ ಕಳಿಸಿದ್ದಾರೆ. ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ರುಚಿ ನೋಡೋ ತಂಡ ಕಟ್ಟಬೇಕಾ, ಲ್ಯಾಬಿಗೆ ಕಳಿಸಬೇಕಾ? ಮಾಡಿ ನೋಡಿದವರು ಹೇಳಿ.

ಘಟ್ಟದವ: ಲ್ಯಾಬಿಗೆ ಕಳಿಸಿ ಕೈ ಸುಟ್ಟುಕೊಂಡವನು ನಾನು. ಒಂದು ಸ್ಯಾಂಪಲ್ಲಿಗೆ 3,800 ರೂಪಾಯಿ, ಜಿಎಸ್‌ಟಿ ಬೇರೆ. ಕೊರಿಯರ್ 240. ದಾರಿಯಲ್ಲಿ ಬಾಟಲಿ ಒಡೆಯಿತು, ಮತ್ತೆ 240. 19 ದಿನ ಕಾಯಿಸಿ ರಿಪೋರ್ಟ್ ಕೊಟ್ಟರು: ಉಪ್ಪು ಸರಿ, ಪಿಹೆಚ್ (ಹುಳಿಯ ಮಟ್ಟ) 3.4, ಬೂಸ್ಟು ಇಲ್ಲ. ಎಲ್ಲಾ ಪಾಸ್! ಗಿರಾಕಿ ಹೇಳಿದ್ದು ಸೊನೆ ಪರಿಮಳ ಇಲ್ಲ ಅಂತ. ಅದಕ್ಕೆ ಅವರ ಫಾರಂನಲ್ಲಿ ಕಾಲಮ್ಮೇ ಇಲ್ಲ. ಆಮೇಲೆ ಗೊತ್ತಾಯಿತು, ಆ ವರ್ಷ ಕೊಯ್ಲಿನವರು ತೊಟ್ಟು ಸಮೇತ ಕೊಯ್ಯದೆ ಗಳದಲ್ಲಿ ಬಡಿದು ಉದುರಿಸಿದ್ದರು. ತೊಟ್ಟು ಮುರಿದರೆ ಸೊನೆ ಅಲ್ಲೇ ಚಿಮ್ಮಿ ಹೋಗುತ್ತೆ. ನಮ್ಮ ಅಮ್ಮ ಭರಣಿ ಮುಚ್ಚಳ ತೆಗೆದು ಒಂದು ಸಲ ಮೂಸಿ ಇದನ್ನೇ ಹೇಳಿದ್ದಳು. ಪುಕ್ಕಟೆ.

ಬಿರಿಂಡ ಅಕ್ಕ: ಅಮ್ಮನ ಮೂಗು ಚೆನ್ನಾಗಿದೆ, ಆದರೆ ಅದೂ ತಪ್ಪುತ್ತೆ. ಮನೆಯವರಿಗೆ ಮನೆ ಮಾಲು ಯಾವಾಗಲೂ ರುಚಿಯೇ. ನಾನು ಬಿಸ್ಕತ್ ಕಂಪನಿಯ ಗುಣಮಟ್ಟ ನೋಡುವ ವಿಭಾಗದಲ್ಲಿ (ಕ್ಯೂಸಿ) ಆರು ವರ್ಷ ಇದ್ದವಳು, ಈಗ ಕುಮಟಾದಲ್ಲಿ ಮುರುಗಲು (ಪುನರ್ಪುಳಿ) ಸಿರಪ್ ಮಾಡುತ್ತೇನೆ. ಬಾವಿ ನೀರು ಬತ್ತಿದಾಗ ಬೋರಿನ ನೀರು ಹಾಕಿದೆ. ರುಚಿ ಬದಲಾಗಿದೆಯಾ ಅಂತ 12 ಜನರನ್ನು ಕೂರಿಸಿ ಟ್ರಯಾಂಗಲ್ ಟೆಸ್ಟ್ ಮಾಡಿದೆ: ಒಬ್ಬೊಬ್ಬರಿಗೆ ಮೂರು ಲೋಟ, ಎರಡರಲ್ಲಿ ಒಂದೇ ಮಾಲು, ಒಂದರಲ್ಲಿ ಬೇರೆ; ಬೇರೆಯದು ಯಾವುದು ಅಂತ ಹೇಳಬೇಕು. ಮೊದಲ ಸಲ ಲೋಟಕ್ಕೆ ಅ, ಆ, ಇ ಅಂತ ಬರೆದೆ. ಅರ್ಧ ಜನ ‘ಅ’ ಅಂದುಬಿಟ್ಟರು! ಎರಡನೇ ಸಲ 417, 862, 295 ಅಂತ ಅಂಕಿ ಬರೆದೆ. ಹತ್ತು ಜನ ಬೇರೆಯದನ್ನು ಗುರುತಿಸಿದರು. ನನಗೆ ಕುಣಿಯುವಷ್ಟು ಖುಷಿ. ಮಗಳು ಲೋಟ ಮುಟ್ಟಿ ನೋಡಿ, ‘ಇದೊಂದೇ ತಣ್ಣಗಿದೆ’ ಅಂದಳು. ಅದೊಂದು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು. ಆ ದಿನದ 12 ಜನರ ಕೂಲಿ, ಚಾ, ಅವಲಕ್ಕಿ ಎಲ್ಲ ನೀರುಪಾಲು. ಮೂರನೇ ಸಲ ಬಣ್ಣ ಕಾಣದ ಹಾಗೆ ಮುಚ್ಚಳದ ಸ್ಟೀಲ್ ಲೋಟ, ಒಂದೇ ಬಿಸಿ, ನಡುವೆ ಬಾಯಿ ತೊಳೆಯಲು ನೀರು. 12ರಲ್ಲಿ ಒಂಬತ್ತು ಸರಿ. ಸುಮ್ನೆ ಊಹೆ ಮಾಡಿದರೂ ನಾಲ್ವರು ಸರಿ ಹೇಳಿಬಿಡ್ತಾರೆ, ಕನಿಷ್ಠ ಎಂಟು ಜನ ಸರಿ ಹೇಳಿದರೆ ಮಾತ್ರ ನಂಬಬಹುದು. ಬೋರಿನ ಕಬ್ಬಿಣದಂಶ ನಾಲಿಗೆಗೆ ಹತ್ತುತ್ತಿತ್ತು. 180 ಲೀಟರ್ ಚೆಲ್ಲಿದೆ.

ಮತ್ತೊಂದು: ಕವಳ (ಎಲೆ ಅಡಿಕೆ) ಹಾಕುವವರನ್ನು ಕೂರಿಸಬೇಡಿ.

ಘಟ್ಟದವ: ಕವಳ ಹಾಕದ 12 ಜನರನ್ನು ಶಿರಸಿಯಲ್ಲಿ ಎಲ್ಲಿಂದ ತರೋದು? ನಮ್ಮಪ್ಪ 60 ವರ್ಷ ಕವಳ ಹಾಕಿಯೇ ಯಾವ ಮರದ ಮಿಡಿ ಅಂತ ಹೇಳುತ್ತಿದ್ದರು.

ಬಿರಿಂಡ ಅಕ್ಕ: ಮುಚ್ಚಿಟ್ಟ ಲೋಟದಲ್ಲಿ ಹೇಳುತ್ತಿದ್ದರಾ?

ಕಾರವಾರ ಬಂದರು: ಇಬ್ಬರಿಗೂ ಬುದ್ಧಿ ಇಲ್ಲ. ನಾನು ಬಂಗಡೆ ಉಪ್ಪಿನಕಾಯಿ ಮಾಡುತ್ತಿದ್ದೆ. ದೋಣಿ ಬಂದಾಗ ಬರ್ಫ ಕಡಿಮೆ ಹಾಕಿಸಿ 600 ರೂಪಾಯಿ ಉಳಿಸಿದೆ. ಮೀನು ನೋಡಲು ಚೆನ್ನ, ಮೂಸಿದರೆ ಚೆನ್ನ, ಎಂಟು ಜನ ತಿಂದು ಭೇಷ್ ಅಂದರು. ಗಿರಾಕಿಗಳ ಪೈಕಿ ಮೂವರಿಗೆ ಅರ್ಧ ಗಂಟೆಯಲ್ಲಿ ಮುಖ ಕೆಂಪು, ಮೈಯೆಲ್ಲ ದದ್ದು. ಹಿಸ್ಟಮಿನ್, ತಂಪು ಸಾಲದ ಮೀನಿನಲ್ಲಿ ಹುಟ್ಟುವ ವಿಷ. ಒಮ್ಮೆ ಆಯಿತು ಅಂದರೆ ಕುದಿಸಿದರೂ ಹುರಿದರೂ ಹೋಗಲ್ಲ. ಆಸ್ಪತ್ರೆ ಖರ್ಚು 14,300, ಮಾಲು ಹೂತದ್ದು ಬೇರೆ. ನಾಲಿಗೆ ನಂಬಿ ಅನ್ನೋರು ಆ ಬಿಲ್ ಕಟ್ಟಲಿ.

ಘಟ್ಟದವ: ಮಾವಿನ ಮಿಡಿಗೂ ಬಂಗಡೆಗೂ ಏನ್ರೀ ಸಂಬಂಧ?

ಕಾರವಾರ ಬಂದರು: ಘಟ್ಟದ ಮೇಲೆ ಎಲ್ಲ ಶುದ್ಧ, ಅಲ್ವಾ? ಹಾಗೇ ಇರಿ.

ಆಗರದ ಬದಿ: ಜಗಳ ಆಮೇಲೆ. ಉಪ್ಪು ಯಾವುದು ಹಾಕಿದಿರಿ? ನಾವು ಒಂದು ವರ್ಷ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪು ಸಿಗದೆ ಪುಡಿ ಉಪ್ಪು ತಂದೆವು. ಸೇರಿನ ಅಳತೆ ಮಾತ್ರ ಅದೇ. ಪುಡಿ ಒತ್ತಾಗಿ ಕೂರುತ್ತೆ, ಒಂದು ಸೇರಿಗೆ ತೂಕ ಜಾಸ್ತಿ. ಮೂರು ಭರಣಿ ಬರೀ ಉಪ್ಪು. ತಕ್ಕಡಿ ತಂದಿದ್ದು ಅದಾದ ಮೇಲೆ.

ಘಟ್ಟದವ: ಅಯೋಡಿನ್ ಉಪ್ಪು ಹಾಕಿದರೆ ಮಿಡಿ ಕಪ್ಪಾಗುತ್ತೆ, ಅದನ್ನೂ ಹೇಳಿ.

ಆಗರದ ಬದಿ: ಆಗಲ್ಲ. ನಮ್ಮದು ಉಪ್ಪಾಗಿತ್ತು, ಕಪ್ಪಾಗಿರಲಿಲ್ಲ. ನಿಮ್ಮ ಭರಣಿಗೆ ಎಣ್ಣೆ ಕಡಿಮೆ ಬಿದ್ದಿರಬೇಕು.

ಘಟ್ಟದವ: ನಮ್ಮ ಭರಣಿ ವಿಷಯ ನಿಮಗೆ ಯಾರು ಹೇಳಿದ್ದು?

ಮಿಡಿಮನೆ: ನಾವು ಸೇರಿನಲ್ಲೇ ಅಳೆಯೋದು. ಉಪ್ಪು ಹರಳೇ, ಆದರೆ ಈ ಸಲ ಬೇರೆ ಅಂಗಡಿಯದು. ಟ್ರಯಾಂಗಲ್ ಮಾಡೋಣ ಅಂದರೆ ಹಳೇ ಬ್ಯಾಚಿನ ಬಾಟಲಿ ಒಂದೂ ಉಳಿದಿಲ್ಲ. ಯಾವುದರ ಜೊತೆ ಹೋಲಿಸೋದು?

ಬಿರಿಂಡ ಅಕ್ಕ: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಪ್ರತಿ ಬ್ಯಾಚಿನದೂ ಎರಡು ಬಾಟಲಿ ತಾರೀಕು ಬರೆದು ಎತ್ತಿಡಬೇಕು. ಹುಬ್ಬಳ್ಳಿ ಅಂಗಡಿಯವರ ಮನೆಯಲ್ಲಿ ಅರ್ಧ ಖಾಲಿಯಾದ ಹಳೇದೊಂದು ಇದ್ದರೂ ಇರಬಹುದು. ಅವರು ಯಾವುದಕ್ಕೆ ಹೋಲಿಸಿ ಬೇರೆ ಅಂದರು ಮತ್ತೆ? ಫೋನ್ ಮಾಡಿ.

ಘಟ್ಟದವ: ಅಪ್ಪನಿಗೆ ಮುಚ್ಚಿಟ್ಟ ಲೋಟ ಬೇಕಿರಲಿಲ್ಲ. ಮಿಡಿ ಮೂಸುತ್ತಿದ್ದರು ಅಷ್ಟೇ.